ತಮ್ಮನ ಹೆಸರು ಕೊರೆಯದ ಯಂತ್ರ

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಅಮೆರಿಕದ ವರ್ಮಾಂಟಿನಲ್ಲಿ ನಮ್ಮ ಪಕ್ಕದ ಮನೆ ರೆಂಜೊಗೆ ಆದದ್ದು ಇದು.

ಕತ್ತಲಾದ ಮೇಲೆ ಅವನು ಅಣ್ಣನ ಕಲ್ಲು ಕೊರೆಯೋ ಶೆಡ್ಡಿಗೆ ನಡೆದು ಹೊರಟಿದ್ದ. ದಾರಿಯಲ್ಲಿ ಸ್ಮಶಾನ. ಅಲ್ಲಿನ ಕಲ್ಲುಕೋಣೆಯಲ್ಲಿ ಅಣ್ಣ ಆಲ್ಡೊನ ಹೆಣ ಇತ್ತು. ಚಳಿಗಾಲದಲ್ಲಿ ಸತ್ತವರನ್ನು ಹೆಪ್ಪುಗಟ್ಟಿದ ನೆಲ ಕರಗುವವರೆಗೂ ಹೂಳೋಕಾಗಲ್ಲ, ಅಲ್ಲೇ ಇಡ್ತಾರೆ. ಅದರ ಬಾಗಿಲ ಮುಂದೆ ಹಾಯುವಾಗ ಒಳಗಿಂದ… ಕಟ್. ಕಟ್. ರೆಂಜೊ ತಿರುಗಿ ನೋಡಲಿಲ್ಲ.

ಅಣ್ಣತಮ್ಮಂದಿರಿಗೆ ವರ್ಷಗಟ್ಟಲೆ ಮಾತಿರಲಿಲ್ಲ. "ಅಪ್ಪ ಅಮ್ಮನ ಪಕ್ಕ ನೀನು ಮಲಗೋಕೆ ನಾನು ಬಿಡಲ್ಲ" ಅಂದಿದ್ದ ಆಲ್ಡೊ. ಹೆಂಡ್ತಿ ಮಕ್ಕಳಿಲ್ಲದ ರೆಂಜೊಗೆ ಬೇರೇನೂ ಬೇಡ, ಮನೆತನದ ಗೋರಿಕಲ್ಲಿನ ಮೇಲೆ ತನ್ನ ಹೆಸರು ಬೇಕಿತ್ತು. ಇಬ್ಬರು ಮಕ್ಕಳ ಹೆಸರನ್ನೂ ಅಪ್ಪ ತಾನೇ ಬರೆದು ಶೆಡ್ಡಿನ ಹಳೇ ಕಂಪ್ಯೂಟರಿಗೆ ಹಾಕಿಟ್ಟಿದ್ದ. ಅದರ ಡಿಸ್ಕು ಇವತ್ತೋ ನಾಳೆಯೋ ಅನ್ನೋ ಹಾಗಿತ್ತು. ಅಣ್ಣ ಸತ್ತ ಮೇಲೆ ರೆಂಜೊ ಆ ಡಿಸ್ಕನ್ನು ಮನೆಗೊಯ್ದು, ಹೊಸ ಡಿಸ್ಕಿಗೆ ಯಥಾವತ್ತು ನಕಲು ಮಾಡಿ, ಎರಡನ್ನೂ ತಂದಿದ್ದ.

ಶೆಡ್ಡಿನಲ್ಲಿ ಎರಡನ್ನೂ ಕಂಪ್ಯೂಟರಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಫ್ಯಾನು ಭರ್ರ್ ಅಂತು. ಕಪ್ಪು ಪರದೆ. ಮೂಲೆಯಲ್ಲಿ ಒಂದು ಗೆರೆ ಮಿನುಗಿತು… ಅಷ್ಟೇ. ಕೇಬಲ್ ಬದಲಿಸಿದ. ಮತ್ತೆ ಕಪ್ಪು.

ಅತ್ತಿಗೆ ಫ್ರಾನ್ಸೀನ್ ಬಾಗಿಲಲ್ಲೇ ನಿಂತು ಪಿಸುಗುಟ್ಟಿದ್ಲು.

"ಬದುಕಿದ್ದಾಗ ಹೊಸಿಲು ತುಳಿಸಲಿಲ್ಲ. ಈಗ ಬಿಟ್ಟಾನಾ? ಮನೆಗೆ ಹೋಗೋ."

"ನನ್ನ ಹೆಸರು ತಗೊಂಡೇ ಹೋಗೋದು, ಅತ್ತಿಗೆ."

"ಹಟಮಾರಿ. ಇಬ್ರೂ ಒಂದೇ ಅಚ್ಚು."

ಆಗ ಅವನಿಗೆ ಹೊಳೀತು. ಇಂಥ ಹಳೇ ಕಂಪ್ಯೂಟರಿನಲ್ಲಿ ಒಂದೇ ಕೇಬಲ್ಲಿಗೆ ಎರಡು ಡಿಸ್ಕು ಹಾಕಿದ್ರೆ, ಯಾವುದು ಯಜಮಾನ ಅಂತ ಪುಟ್ಟ ಪಿನ್ನು ಬದಲಿಸಿ ಹೇಳಬೇಕು. ಅವನು ಮರೆತಿದ್ದ. ಎರಡೂ ನಾನೇ ಯಜಮಾನ ಅಂತ ಕೂತಿದ್ದವು.

"ನೀನು ಈಚೆ ಬಾ, ಅಣ್ಣಾ" ಅಂತ ಹಳೇದನ್ನು ಕಿತ್ತು ಮೇಜಿನ ಮೇಲಿಟ್ಟ. ಕಂಪ್ಯೂಟರ್ ಎದ್ದಿತು.

ಅಕ್ಷರ ಕತ್ತರಿಸೋ ಯಂತ್ರಕ್ಕೆ ರಬ್ಬರ್ ಹಾಳೆ ಕೊಟ್ಟ. ಕತ್ತರಿಸಿದ ಹಾಳೆಯನ್ನು ಕಲ್ಲಿಗೆ ಅಂಟಿಸಿ, ಮರಳು ಸಿಡಿಸಿ ಹೆಸರು ಕೊರೀತಾರೆ. ಸರ್ರ್… ಸರ್ರ್… ಆಲ್ಡೊ ಹೆಸರು ಬಂತು. ಆಮೇಲೆ ಚಾಕು ಟಕ್ ಅಂತ ಮೇಲೆದ್ದು… ರೆಂಜೊ ಹೆಸರನ್ನು ಗಾಳಿಯಲ್ಲೇ ಬರೆದು… ನಿಂತಿತು. ಪರದೆ ಮೇಲೆ ಹೆಸರಿದೆ. ಹಾಳೆ ಮೇಲಿಲ್ಲ. ಇನ್ನೊಂದು ಹಾಳೆ ಹಾಕಿದ. ಅದೂ ಹಾಗೇ.

ಅಷ್ಟರಲ್ಲಿ ಮೇಜಿನ ಮೇಲೆ, ಒಂದು ತಂತಿಯೂ ಇಲ್ಲದ ಡಿಸ್ಕು… ಗುಂಯ್ ಅಂತ ತಿರುಗೋಕೆ ಶುರುಮಾಡ್ತು. ಕಟ್. ಕಟ್.

"ಕೇಳಿಸ್ತಾ?" ಅಂದ್ಲು ಫ್ರಾನ್ಸೀನ್.

"ಏನಾದ್ರೂ ಬಡ್ಕೊಳ್ಳಲಿ." ರೆಂಜೊಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಉಳಿ ಸುತ್ತಿಗೆ ಹಿಡಿದು, ಆಲ್ಡೊ ಹೆಸರು ಕೊರೆಯೋಕೆ ಅಂತ ಸ್ಮಶಾನದಿಂದ ಶೆಡ್ಡಿನ ಅಂಗಳಕ್ಕೆ ತಂದಿಟ್ಟಿದ್ದ ಮನೆತನದ ಗೋರಿಕಲ್ಲಿನ ಮುಂದೆ ಕೂತ. ಬೆಳಗಿನವರೆಗೂ ತನ್ನ ಹೆಸರನ್ನ ಕೈಯಲ್ಲೇ ಕೊರೆದ. ಕೊನೆಕೊನೆಗೆ ಫ್ರಾನ್ಸೀನೇ ಬಂದು ಟಾರ್ಚು ಹಿಡಿದ್ಲಂತೆ.

ಬೆಳಕು ಹರಿದ ಮೇಲೆ ತೋರಿಸೋಕೆ ಅಂತ ನನ್ನನ್ನ ಕರ್ಕೊಂಡು ಹೋದ. ಕಲ್ಲು ನುಣ್ಣಗಿತ್ತು. ಗ್ರಾನೈಟು ಮತ್ತೆ ಬೆಳೆಯಲ್ಲ, ಅದು ನನಗೂ ಗೊತ್ತು ಕಣ್ರೀ. ಅಪ್ಪ ಅಮ್ಮನ ಹೆಸರಿನ ಕೆಳಗೆ ನಾನೇ ಕೈಯಾಡಿಸಿದೆ. ಒಂದು ಗೀರೂ ಇಲ್ಲ. ಫ್ರಾನ್ಸೀನ್ ಅಳ್ತಾ ಇದ್ಲು. ರೆಂಜೊ ತನ್ನ ಕೈ ನೋಡ್ಕೊಂಡು ನಿಂತಿದ್ದ. ಅವನ ಉಗುರು ಸಂದಿಯಲ್ಲಿ ಕಲ್ಲಿನ ಪುಡಿ ಇನ್ನೂ ಇತ್ತು.