ಬಾಗಿಲಿಗೆ ಹಿಡಿಸದ ಪೆಟ್ಟಿಗೆ

ದೆಹಲಿಯ ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಸಂಜೆ ಆರಕ್ಕೇ ಕರೆಂಟು ಹೋಯಿತು. ಜುಲೈ ಮಳೆ ಕೂಲರಿನ ತಗಡನ್ನು ಬಡಿಯುತ್ತಿತ್ತು. ಟಿಫಿನ್ ಡಬ್ಬಿ ಹಿಂದಿರುಗಿಸಲು ಬಂದಿದ್ದ ಹರಿಣಿ, ಸುದರ್ಶನ್ ಎಂಬ ಇಬ್ಬರು ವಿದ್ಯಾರ್ಥಿಗಳು ಪದ್ಮಾಳ ಮನೆಯಲ್ಲೇ ಸಿಕ್ಕಿಕೊಂಡರು. ಹಳೆಯ ನೆರೆಯವಳಾದ ಲೀಲಾವತಿಯೂ ಅಲ್ಲೇ ಇದ್ದಳು. ಮುಂಗೋಣೆಯಲ್ಲಿ ದೇವರ ದೀಪವೊಂದೇ ಬೆಳಕು.

ಹರಿಣಿ ಅಡುಗೆಮನೆಗೆ ಇಣುಕಿ ನಕ್ಕಳು. "ಆಂಟಿ, ಹಮ್ ತೋ ಚಾರ್ ಹೈಂ, ನಾಲ್ಕೇ ಜನ. ಐದನೇ ಲೋಟ ಯಾರಿಗೆ?"

ಪದ್ಮಾ ಮುಗುಳ್ನಕ್ಕು ಹಾಲಿನ ಪಾತ್ರೆಯತ್ತ ತಿರುಗಿದಳು. ಎಪ್ಪತ್ತೆರಡರ ಲೀಲಾವತಿ ಹುಡುಗಿಯ ಕೈ ಹಿಡಿದು ಮಂಚದ ಮೇಲೆ ಕೂರಿಸಿಕೊಂಡಳು. "ಅದನ್ನ ಅವಳನ್ನ ಕೇಳಬಾರದು, ನನ್ನನ್ನ ಕೇಳಬೇಕು. ಬಾರೋ ಸುದರ್ಶನ್, ನೀನೂ ಬಾ. ಅಚ್ಛಾ... ಕೇಳಿ.

"ಐದು ವರ್ಷದ ಹಿಂದೆ ಕಿದ್ವಾಯಿ ನಗರದಲ್ಲಿ ನಾವು ಮೇಲೆ, ಇವರು ಕೆಳಗೆ. ಪದ್ಮಾಳ ಗಂಡ ಏಕನಾಥ, ಆಫೀಸಲ್ಲಿ ಫೈಲು ನೋಡೋ ಮನುಷ್ಯ, ಬಾಯಲ್ಲಿ ದಿನಕ್ಕೆ ನಾಲ್ಕು ಮಾತಿಲ್ಲ. ಆದ್ರೆ ಸದ್ದಿನ ಹುಚ್ಚು. ಅಂಗಡಿ ಸ್ಪೀಕರ್ ಢಂ ಢಂ ಅನ್ನೋದು ಬರೀ ಕೂಗಾಟ, ನಿಜವಾದ ಮಂದ್ರ ಅಂದ್ರೆ ಕಿವಿಗೆ ಕೇಳೋದೇ ಇಲ್ಲ, ಮೈಗೆ ತಾಗೋದು, ಅಂತಿದ್ದ. ಅದಕ್ಕೆ ಅಂಗಡಿಯ ಪುಟ್ಟ ಡಬ್ಬಿ ಸಾಕಾಗುತ್ತಾ? ಒಳಗೋಣೇಲಿ ಕೂತು ಪ್ಲೈವುಡ್ ಕೊಯ್ದು, ಅಂಟು ಹಾಕಿ, ಒಂದು ಚಳಿಗಾಲ ಪೂರ್ತಿ ಸ್ಪೀಕರ್ ಪೆಟ್ಟಿಗೆ ಕಟ್ಟಿದ... ಪೆಟ್ಟಿಗೆ ಅಂದ್ರೆ, ನೀವಿಬ್ಬರೂ ಒಳಗೆ ಮಲಗಬಹುದು! ಎಲ್ಲಾ ಕೂದಲೆಳೆ ಲೆಕ್ಕದಲ್ಲಿ ಅಳೆದವನು ಕೋಣೆಯ ಬಾಗಿಲನ್ನೇ ಅಳೀಲಿಲ್ಲ. ಇವಳು ಸೊಂಟದ ಮೇಲೆ ಕೈಯಿಟ್ಟು, 'ರೀ, ಇದರ ಮದುವೆ ಆದ್ರೆ ಮೆರವಣಿಗೆ ಹೇಗ್ರೀ ಹೊರಡಿಸೋದು?' ಅಂದಿದ್ದು ನಮ್ಮನೆಗೂ ಕೇಳಿತ್ತು.

"ಪೆಟ್ಟಿಗೆ ಉಸಿರಾಡೋಕೆ ಒಂದು ಕೊಳವೆ. ಕೋಟ್ಲಾ ಬಜಾರಿಂದ ರಿಕ್ಷಾದಲ್ಲಿ ತಂದ ಮೋರಿ ಪೈಪು. ಕೊಳವೆ ಉದ್ದ ಆದಷ್ಟೂ ಸ್ವರ ತಗ್ಗುತ್ತೆ. ಅವನು ಒಳಗೆ ಸ್ವರ ಇಳಿಸ್ತಾ ಹೋದ್ರೆ, ಇವಳು ಅಡುಗೆಮನೇಲಿ ನಿಂತು ಯಾವ ಪಾತ್ರೆ ಅದುರಿತು ಅಂತ ಕೂಗೋಳು. 'ಲೋಟಾ!' 'ಡಬರಿ!' 'ಕೊಳದಪ್ಪಲೆ!' ನಮ್ಮನೆ ಉಪ್ಪಿನಕಾಯಿ ಜಾಡಿ ಶೆಲ್ಫಿನ ತುದಿವರೆಗೂ ನಡ್ಕೊಂಡು ಬಂದಿತ್ತು. ಒಂದು ಭಾನುವಾರ ಎಲ್ಲಕ್ಕಿಂತ ಉದ್ದದ ಕೊಳವೆ ಹಾಕಿದ. ಯಾವ ಪಾತ್ರೆಯೂ ಅಲುಗಲಿಲ್ಲ. ಕೆಟ್ಟೋಯ್ತು ಅಂತ ಹೇಳೋಕೆ ಇವಳು ಒಳಗೆ ಬಂದ್ರೆ... ದೇವರ ಮುಂದಿನ ದೀಪ ಮೆಲ್ಲಗೆ ಬಾಗ್ತಾ ಇದೆ. ಗಾಳಿಯಿಲ್ಲ, ಸದ್ದಿಲ್ಲ. ಅಂಗಾಲಿನಡಿ ಮಾತ್ರ ನೆಲ ಉಸಿರಾಡಿದ ಹಾಗೆ.

"ಅವತ್ತಿಂದ ಅದೇ ಅವನ ಮಾತು. ಆಫೀಸಿಂದ ಬಂದು ಮೂರು ಸಲ ಆ ಸ್ವರ ಬಿಟ್ಟ ಅಂದ್ರೆ ಕಾಫಿ ಬೇಕು ಅಂತ. ಇವಳಿಗೆ ಅಂಗಾಲಲ್ಲೇ ತಿಳಿಯೋದು. 'ಬಂದೆ ರೀ' ಅನ್ನೋಳು.

"ಅವನು ಹೋದದ್ದು ಮುಂದಿನ ಚಳಿಗಾಲ, ಜನವರೀಲಿ. ಕೂತ ಕುರ್ಚೀಲೇ, ಆಫೀಸಲ್ಲಿ. ಅದಕ್ಕೆ ಎರಡು ದಿನ ಮುಂಚೆ ಇವಳ ಅವ್ವ ಹೊಲಿದುಕೊಟ್ಟಿದ್ದ ಕೌದಿ ಕಾಣಿಸಲಿಲ್ಲ ಅಂತ ಜಗಳ. 'ಗುಜರಿ ಕಬಾಡಿಯವನಿಗೆ ಹಾಕಿಬಿಟ್ರಾ? ನನ್ನ ಅವ್ವನ ಕೈಕೆಲಸ!' ಅಂತ ಇವಳು. ಅವನು ತುಟಿ ಬಿಚ್ಚಲಿಲ್ಲ. ಆ ಎರಡು ಸಂಜೆ ಅವನು ಸ್ವರ ಬಿಟ್ಟರೂ ಇವಳು ಅಡುಗೆಮನೆಯಿಂದ ಓಗೊಡಲಿಲ್ಲ... ಆಮೇಲೆ ಓಗೊಡೋಣ ಅಂದ್ರೆ ಅವನೇ ಇರಲಿಲ್ಲ. ಆ ಭಾರ ಎಂಥದ್ದು, ಹೇಳಿ?

"ಹದಿಮೂರನೇ ದಿನ ಸಂಜೆ ದೀಪ ಬಾಗಿತು. ಮೂರು ಸಲ. ಪೆಟ್ಟಿಗೆಯ ತಂತಿ ಕಿತ್ತಿಟ್ಟಿದ್ವಿ, ನಾನೇ ಕಿತ್ತಿದ್ದು. ನಾನು ಎದ್ದು ಬಾಗಿಲತ್ತ ಓಡಿದೆ. ಇವಳು ಎದ್ದು ಹಾಲು ಕಾಯಿಸೋಕೆ ಹೋದಳು.

"ಮುಂದೆ ಅವನ ಆಫೀಸಲ್ಲೇ ಇವಳಿಗೆ ಕೆಲಸ ಸಿಕ್ತು, ಈ ಮನೆ ಸಿಕ್ತು. ಆ ಮನೆ ಬಿಡಬೇಕು. ಪೆಟ್ಟಿಗೆ ಬಾಗಿಲು ದಾಟಲ್ಲ. 'ಬಿಟ್ಟು ಹೋದ್ರೆ ಅವರಿಲ್ಲೇ ಉಳೀತಾರೆ ಲೀಲಕ್ಕಾ, ಕೊಯ್ಸಿದ್ರೆ ಅವರ ಉಸಿರೇ ಹೋಗುತ್ತೆ. ನಾನಿನ್ನೂ ತಪ್ಪಾಯ್ತು ಅಂದಿಲ್ಲ' ಅಂತ ಅಳು. ನಾನು ಗಟ್ಟಿ ಮನಸ್ಸು ಮಾಡಿ, ಕೊಯ್ಸು ಅಂದೆ. ಇದ್ದವರು ಇರೋ ಕಡೆ ಬದುಕಬೇಕಲ್ವಾ?

"ಬಡಗಿ ಭಯ್ಯಾ ಹಿಂದಿನ ಹಲಗೆ ಬಿಚ್ಚಿದ. ಒಳಗೆ ಗೋಡೆಗೋಡೆಗೂ ಸದ್ದು ಹೀರಲಿ ಅಂತ ಮೆತ್ತೆ ಹೊಡೆದಿದ್ದಾನೆ... ಏನು ಮೆತ್ತೆ ಗೊತ್ತಾ? ಇವಳ ಅವ್ವನ ಕೌದಿ! ಒಂದು ಹೊಲಿಗೆ ಕತ್ತರಿಸಿಲ್ಲ, ಮಡಿಸಿ ಮಡಿಸಿ ಕಟ್ಟಿದ್ದಾನೆ. ಹಲಗೆ ಮೇಲೆ ಪೆನ್ಸಿಲ್ಲಲ್ಲಿ ಸಾಲಾಗಿ: ಲೋಟ, ಡಬರಿ, ಕೊಳದಪ್ಪಲೆ, ಕೊನೆಗೆ ದೀಪ. ಪಕ್ಕದಲ್ಲಿ ತಾರೀಖು. ಕೆಳಗೆ, 'ಪದ್ಮಾ ಕೂಗಿದ್ದು'. ಇವಳು ಆ ಕೌದಿಯಲ್ಲಿ ಮುಖ ಹುದುಗಿಸಿ ಎಷ್ಟೋ ಹೊತ್ತು ಕೂತಿದ್ದಳು. ಆಮೇಲೆ ತಾನೇ ಎದ್ದು, 'ಚಲೋ ಭಯ್ಯಾ, ಕಾಟೋ' ಅಂತ ಕೊಯ್ಯೋಕೆ ಹೇಳಿದಳು. ಆ ಹಲಗೆ ಮಾತ್ರ ಉಳಿಸಿಕೊಂಡಳು. ನೋಡಿ, ಈ ದೀಪ ಇರೋದು ಅದರ ಮೇಲೇ.

"ಈ ಮನೆಗೆ ಬಂದು ಒಂಬತ್ತು ದಿನ ಏನೂ ಇಲ್ಲ. ಕೊಯ್ಸಿದ ಪಾಪಕ್ಕೆ ನನಗೆ ಅನ್ನ ಇಳೀಲಿಲ್ಲ. ಹತ್ತನೇ ದಿನ ಇವಳ ಫೋನು. ನಗ್ತಾ ಇದಾಳೆ. 'ಲೀಲಕ್ಕಾ, ಬಂದ್ರು. ಯಾವ ಬಸ್ಸು ಹಿಡೀಬೇಕು ಅಂತ ಗೊತ್ತಿರಲಿಲ್ಲ ಅಂತ ಕಾಣುತ್ತೆ.'"

ಲೀಲಾವತಿ ಮಾತು ನಿಲ್ಲಿಸಿದಳು. ಮಳೆ ಇಳಿದಿತ್ತು.

"ಕಿಟಕಿ ಗಾಳಿ ಇರಬೇಕು ಅಜ್ಜಿ," ಎಂದ ಸುದರ್ಶನ್, ಮೆಲ್ಲಗೆ.

"ಕಿಟಕಿ ನೀನೇ ತಾನೇ ಹಾಕಿದ್ದು?"

ದೀಪದ ಕುಡಿ ಬಾಗಿತು. ನೆಟ್ಟಗಾಯಿತು. ಮತ್ತೆ ಬಾಗಿತು. ಮೂರನೆಯ ಸಲ, ಯಾರೋ ತಲೆ ತಗ್ಗಿಸಿದಷ್ಟು ನಿಧಾನವಾಗಿ.

ಗೋಡೆಯಾಚೆ, ದೀಪ ಕಾಣದ ಅಡುಗೆಮನೆಯಿಂದ, ಪದ್ಮಾಳ ದನಿ ಬಂತು. "ಬಂದೆ ರೀ... ಹಾಲು ಉಕ್ಕಲಿ, ತಾಳಿ."

ಹರಿಣಿ ಸರಕ್ಕನೆ ಕಾಲನ್ನು ಮಂಚದ ಮೇಲಕ್ಕೆ ಎಳೆದುಕೊಳ್ಳಹೋದಳು. ಲೀಲಾವತಿ ಅವಳ ಮೊಣಕಾಲ ಮೇಲೆ ಕೈಯಿಟ್ಟು ತಡೆದಳು.

"ಎತ್ತಬೇಡ ಮಗಾ. ನೆಲದ ಮೇಲೇ ಇಡು... ಈಗ ಗೊತ್ತಾಗ್ತಿದೆಯಲ್ಲ?"