ಗಡಿ ದಾಟಿದ ಕೌದಿ

ಹತ್ತರ ಸರದು ಕುಂದರ್ರಿ. ನಾ ಹೇಳಾಕಿ, ನೀವು ಹೂಂ ಅನ್ನೋರು. ನೀವು ಹೂಂ ಅನ್ನೋದು ಬಿಟ್ರ ಕಥಿ ಎದ್ದು ಹೊಕ್ಕೈತಿ, ಆಮ್ಯಾಲ ನನ್ನ ಅನಬ್ಯಾಡ್ರಿ.

ಒಂದು ಸೀಮಿ. ಯಾವ ಸೀಮಿ ಅಂತ ಕೇಳಬ್ಯಾಡ್ರಿ, ಹೆಸರು ಹೇಳಿದ್ರ ಅಲ್ಲೀ ಮಂದಿ ಜಗಳಕ್ಕ ಬರ್ತಾರ. ಆ ಸೀಮಿ ನಡಬರಕ ಒಂದು ಬೋಳುಗುಡ್ಡ. ಗುಡ್ಡದ ಸುತ್ತ ಐದು ಊರು. ಒಂದೂರಿನ ಹೊಲ ಮುಗಿದಲ್ಲಿ ಇನ್ನೊಂದೂರಿನ ಗಡಿಕಲ್ಲು, ಆ ಊರಿನ ಹೊಲ ಮುಗಿದಲ್ಲಿ ಮತ್ತೊಂದೂರಿನ ಗಡಿಕಲ್ಲು. ಹಂಗ ಗುಡ್ಡ ಸುತ್ತಿ ಬಂದ್ರ ಹೊಂಟ ಊರಿಗೇ ಬಂದು ನಿಂದರ್ತಿದ್ರಿ. ಆದ್ರ ಸುತ್ತೋರು ಯಾರು? ಎಲ್ಲಾರೂ ತಮ್ಮ ಎಡಕಿನ ಊರು ಬಲಕಿನ ಊರು ನೋಡಿದ್ರು, ಅಷ್ಟ. ಗುಡ್ಡದ ಬೆನ್ನಿಗೆ ಏನೈತಿ ಅಂತ ಕೇಳಿದ್ರ, ಗುಡ್ಡದ ಬೆನ್ನು ಐತಿ ಅಂತಿದ್ರು.

ಆ ಐದರಾಗ ಒಂದೂರಾಗ ಬಾಳವ್ವ ಅಂತ ಒಬ್ಬಾಕಿ ಇದ್ಲು. ಗಂಡ ತೀರಿಹೋಗಿದ್ದ. ಹಳೇ ಸೀರಿ, ಹರಕು ಧೋತರ ಕೂಡಿಸಿ ಕೌದಿ ಹೊಲಿಯೋದು ಆಕಿ ಕೆಲಸ. ಆಕಿ ಹೊಲಿಗಿ ಅಂದ್ರ ಇರುವಿ ಸಾಲು ಹೊಂಟಂಗ. ಕೌದಿ ಮೂಲಿಗೆ ಒಂದು ಕೆಂಪು ಮುಕ್ಕೋಣದ ತುಂಡು ಕೂಡಿಸ್ತಿದ್ಲು, ಅದು ಆಕಿ ಗುರ್ತು. ಸಣ್ಣಾಕಿದ್ದಾಗ ಮೈಲಿಬ್ಯಾನಿ ಬಂದು ಬದುಕಿ ಉಳದಿದ್ಲು. ಅದಕ್ಕ ಆಕಿ ಮುಖದ ತುಂಬ ಗುಳ್ಳಿ ಬಿದ್ದ ಕಲೆ.

ಇದ್ದಾಕಿ ಒಬ್ಬಾಕಿ ಮಗಳು, ಹೂವಕ್ಕ. ಮೂಡಣದ ಊರಿಗೆ ಕೊಟ್ಟಿದ್ಲು. ಬಾಳ ವರ್ಸ ಹೂವಕ್ಕನ ಹೊಟ್ಟಿ ಹಣ್ಣಾಗಲಿಲ್ಲ. ಅತ್ತಿ ಮನಿಯೋರು ಅನ್ನಬಾರದ್ದು ಅಂದ್ರು, ಆಕಿ ಕೇಳಬಾರದ್ದು ಕೇಳಿದ್ಲು. ಕಡೀಕ ಒಂದು ಗಂಡುಕೂಸು ಆತು. ಬಾಣಂತನ ಮುಗಿಸಿಕೊಂಡು, ಕೂಸಿನ ತಲಿಗೆ ಕುಂಚಿಗಿ ಕಟ್ಟಿ, ಎತ್ತಿಕೊಂಡು ಗಂಡನ ಮನಿಗೆ ಹ್ವಾದ್ಲು. ಬಾಳವ್ವನ ಜೀವನೂ ಆ ಕೂಸಿನ ಬೆನ್ನು ಹತ್ತಿ ಮೂಡಣಕ್ಕ ಹೋತು.

ಅಂಥಾದ್ರಾಗ ಬಂತು ನೋಡ್ರಿ ಮೈಲಿಬ್ಯಾನಿ. ಮೊದಲು ಜ್ವರ, ಆಮ್ಯಾಲ ಗುಳ್ಳಿ, ಆಮ್ಯಾಲ ಹೆಣ. ಹಿರೇರು ಹ್ವಾದ್ರು, ಹರೇದೋರು ಹ್ವಾದ್ರು, ತೊಟ್ಟಿಲದಾಗಿನವೂ ಹ್ವಾದವು. ಹೊರೋರು ಸಾಲದಾದ್ರು. ಊರಾಗ ನಾಯಿ ಬೊಗಳೋದು ಬಿಟ್ಟಿತ್ತು, ಯಾರ್ನ ನೋಡಿ ಬೊಗಳಬೇಕು?

ಆ ಸೀಮ್ಯಾಗ ಒಂದು ಪದ್ಧತಿ ಇತ್ತು. ಬ್ಯಾನಿ ಅಂದ್ರ ಅವರಿಗೆ ಬ್ಯಾನಿ ಅಲ್ಲ, ಮಾರಿ. ಮಾರಿ ಊರಾಗ ಬಂದು ಕುಂತಾಳ, ಆಕೀನ ಮರ್ಯಾದಿಲೆ ಊರು ದಾಟಿಸಬೇಕು ಅಂತಿದ್ರು. ಹೊಸ ಬುಟ್ಟಿ, ಅದರಾಗ ಹಸರ ಬಳಿ, ಅರಿಶಿಣ ಕುಂಕುಮ, ಬೇವಿನ ತಪ್ಪಲ. ಅದರ ಮ್ಯಾಲ ಬ್ಯಾನಿ ಬಿದ್ದೋರ ಮೈಮ್ಯಾಲಿನ ಅರಿವಿ. ಆ ಅರಿವ್ಯಾಗ ಮಾರಿ ಏರಿ ಕುಂದರ್ತಾಳ ಅಂತ. ಬುಟ್ಟಿ ಹೊತ್ತು ಪಕ್ಕದೂರಿನ ಗಡ್ಯಾಗ ಇಳಿಸಿ, ಹಿಂದ ನೋಡದಂಗ ಬರೋದು. ಪಕ್ಕದೂರಿನ ಗತಿ? ಅದನ್ನ ಕೇಳೋ ಪದ್ಧತಿ ಇರಲಿಲ್ಲ.

ಹೊರಬೇಕಾದಾಕಿ ಯಾರು? ಮಾರಿ ಮುಟ್ಟಿ ಬಿಟ್ಟಾಕಿ, ಮುಖದ ಮ್ಯಾಲ ಕಲೆ ಇದ್ದಾಕಿ. ಊರ ಗೌಡ ಬಾಳವ್ವನ ಕಟ್ಟಿಗೆ ಬಂದು ನಿಂತ.

"ಬಾಳವ್ವಾ, ನೀನ ಹೊರಬೇಕು ನೋಡವಾ. ಮೂಡಣ ಗಡಿ ಹತ್ತರ ಐತಿ. ಅಲ್ಲೇ ಇಳಿಸಿಬಿಡು."

ಮೂಡಣ ಗಡಿ ದಾಟಿದ್ರ ಹೂವಕ್ಕನ ಊರು.

"ಹೊರ್ತೀನಿ ಗೌಡ್ರ. ಆದ್ರ ಪಡುವಣಕ್ಕ ಹೊರ್ತೀನಿ. ಮೂಡಣಕ್ಕ ಅಂದ್ರ ನನ್ನ ಹೆಣಾ ಹೊರಬೇಕು ನೀವು."

"ಪಡುವಣ ದೂರ ಆಕೈತಲ್ಲ?"

"ಆದ್ರ ಆಗಲಿ. ಕಾಲು ನನ್ನವು."

ಗೌಡ ಒಪ್ಪಿದ. ಅವಂಗ ಊರಾಗಿಂದ ಹೋದ್ರ ಸಾಕಾಗಿತ್ತು.

ಬುಟ್ಟಿ ತುಂಬಿದ್ರು. ನೆರಮನಿ ಹುಡುಗಿ ಹಿಂದಿನ ದಿನ ಸತ್ತಿತ್ತು. ಅದು ಹೊದ್ದ ಕೌದಿ ಬಾಳವ್ವ ಹೊಲಿದದ್ದು. ಅದನ್ನೂ ಮಡಚಿ ತನ್ನ ಕೈಯಾರೆ ಬುಟ್ಟ್ಯಾಗ ಇಟ್ಲು. ಹಲಗಿ ಬಡಕೋಂತ ಒಬ್ಬ ಮುಂದ, ಬುಟ್ಟಿ ಹೊತಗೊಂಡು ಈಕಿ ಹಿಂದ. ಪಡುವಣ ಗಡಿಕಲ್ಲಿಗೆ ಬಂದು ಇಳಿಸಿದ್ಲು. ಈಗ "ಹೋಗು ತಾಯಿ" ಅನ್ನಬೇಕು, ತಿರುಗಿ ನೋಡದ ಬರಬೇಕು.

ಕೇಳ್ರಿ ಇಲ್ಲಿ. ನಮ್ಮ ನಾಲಗಿ ಎಂಥಾದ್ದು? ಮನಿಯಿಂದ ಹೊಂಟೋರಿಗೆ ನಾವು ಹೋಗು ಅಂತೀವೇನು? ಜಲ್ಮದಾಗ ಅಂದಿಲ್ಲ. ಬಾಳವ್ವನ ಬಾಯಾಗ ಬಂದದ್ದೂ ಅದ:

"ಹೋಗಿ ಬಾರವ್ವಾ."

ಅಂದು ನಾಲಗಿ ಕಚ್ಚಿಕೊಂಡ್ಲು. ಹಲಗಿಯಾವ ಕೇಳಿಸಿಕೊಂಡ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದ ಮನಿಗೆ ಬಂದ್ರು.

ಪಡುವಣದ ಊರಿನೋರು ಬುಟ್ಟಿ ಕಂಡು ಹೌಹಾರಿದ್ರು. ಬ್ಯಾನಿ ಬಿತ್ತು, ತಮ್ಮ ಅರಿವಿ ಸೇರಿಸಿದ್ರು, ಮುಂದಿನ ಗಡಿಗೆ ಇಳಿಸಿದ್ರು. ಮುಂದಿನ ಊರಿನೋರೂ ಹೌಹಾರಿದ್ರು. ಬ್ಯಾನಿ ಬಿತ್ತು, ತಮ್ಮ ಅರಿವಿ ಸೇರಿಸಿದ್ರು, ಮುಂದಿನ ಗಡಿಗೆ ಇಳಿಸಿದ್ರು. ಅದರ ಮುಂದಿನೋರು? ನೀವ ಹೇಳ್ರಿ. ಹಾಂ, ಅವರೂ ಹಂಗ ಮಾಡಿದ್ರು. ಬುಟ್ಟಿ ದೊಡ್ಡದಾಗುತ್ತ ಹೋತು, ಊರು ಸಣ್ಣವಾಗುತ್ತ ಹ್ವಾದವು.

ಇತ್ತ ಬಾಳವ್ವನ ಊರಾಗ ಬ್ಯಾನಿ ಇಳೀತು. ಒಯ್ಯಬೇಕಾದೋರನ್ನೆಲ್ಲ ಒಯ್ದಿತ್ತು, ಇಳೀದ ಇನ್ನೇನು ಮಾಡೀತು? ಆದ್ರ ಮಂದಿ ಬಾಳವ್ವನ ಕೈಗುಣ ಅಂದ್ರು. ಆಕೀನೂ ಒಳಗೊಳಗ ಹಿಗ್ಗಿದ್ಲು. ನನ್ನ ಮಗಳು ಉಳದ್ಲು, ನನ್ನ ಕೂಸು ಉಳೀತು ಅಂತ, ಮೊಮ್ಮಗಗ ಒಂದು ಸಣ್ಣ ಕೌದಿ ಹೊಲಿಯಾಕ ಕುಂತ್ಲು. ದಾರಿ ಬಂದ್ ಆಗಿದ್ವು, ಯಾವ ಸುದ್ದಿನೂ ಬರ್ತಿರಲಿಲ್ಲ. ಸುದ್ದಿ ಬರಲಿಲ್ಲ ಅಂದ್ರ ಸುಖದಾಗ ಅದಾರ ಅಂತ ತಿಳಕೊಂಡ್ಲು ಆ ಹುಚ್ಚಿ.

ಒಂದಿನ ಮಟಮಟ ಮಧ್ಯಾಹ್ನ. ಬಾಳವ್ವ ಮೂಡಣ ಗಡಿ ಕಡೆ ಒಲಿಗೆ ಪುಳ್ಳಿ ಆರಿಸಾಕ ಹೋಗಿದ್ಲು. ದೂರಿಂದ ಹಲಗಿ ಸಪ್ಪಳ. ಸಪ್ಪಳ ನಿಂತಿತು. ಒಬ್ಬಾಕಿ ಹೆಣ್ಮಗಳು, ತಲಿ ಮ್ಯಾಲ ಬುಟ್ಟಿ, ತೂರಾಡಿಕೋಂತ ಬರಾಕ ಹತ್ತಿದ್ಲು.

"ಯಾರವಾ ನೀ? ಅಲ್ಲೇ ನಿಲ್ಲು!"

"ಯವ್ವಾ, ನಾನ."

ಹೂವಕ್ಕ! ಬಾಳವ್ವನ ಕೈಯಾಗಿನ ಪುಳ್ಳಿ ಉದುರಿದ್ವು.

"ಕೂಸೆಲ್ಲೆ? ಹೂವಿ, ಕೂಸು ಯಾರ ಹತ್ತರ ಬಿಟ್ಟು ಬಂದಿ?"

ಹೂವಕ್ಕ ಬುಟ್ಟಿ ಇಳಿಸಿದ್ಲು. "ಅದರ ಕುಂಚಿಗಿ ಬುಟ್ಟ್ಯಾಗ ಐತಿ" ಅಂದ್ಲು.

ಬಾಳವ್ವ ನಿಂತಲ್ಲೇ ಕುಂತ್ಲು. ಹೂವಕ್ಕ ಹೇಳಿದ್ಲು.

"ನಮ್ಮ ಗಡ್ಯಾಗ ಬುಟ್ಟಿ ಇಳಿಸಿದ್ರಲ್ಲ, ನೋಡಾಕ ಎಲ್ಲಾರ ಕೂಡ ನಾನೂ ಹೋಗಿದ್ದೆ. ಅದರಾಗ ನಿನ್ನ ಕೌದಿ ಇತ್ತು ಯವ್ವಾ. ಮೂಲ್ಯಾಗ ಕೆಂಪು ತುಂಡು. ನಿನ್ನ ಹೊಲಿಗಿ ನನಗ ಗುರ್ತು ಹತ್ತಂಗಿಲ್ಲೇನು? ಎಷ್ಟು ದಿನ ಆಗಿತ್ತು ನಿನ್ನ ಸುದ್ದಿ ಕೇಳಿ. ಕೂಸಿಗೆ ಥಂಡಿ ಆಗಿತ್ತು. ತವರಿನ ಕೌದಿ, ಅವ್ವನ ಕೈ ಇದರ ಮ್ಯಾಲ ಐತಿ, ಇದನ್ನ ಮಾರೀನೂ ಮುಟ್ಟಂಗಿಲ್ಲ ಅಂತ ತಿಳದು, ಯಾರಿಗೂ ಕಾಣದಂಗ ಎತ್ತಿಕೊಂಡು ಹೋಗಿ ಹೊದಿಸಿದೆ. ಈಗ ಅದೂ ತಿರುಗಿ ಬುಟ್ಟ್ಯಾಗ ಐತಿ."

ಬಾಳವ್ವ ಕಿವಿ ಮುಚ್ಚಿಕೊಂಡ್ಲು. ಮುಚ್ಚಿಕೊಂಡ್ರ ಕೇಳಿದ್ದು ಹೊರಗ ಬರ್ತೈತೇನು?

"ಊರಾಗ ಕಲೆ ಇದ್ದೋರು ಯಾರೂ ಇಲ್ಲ, ಕೂಸು ಕಳಕೊಂಡಾಕಿ ನೀನ ಹೊರು ಅಂದ್ರು. ಮುಂದಿನ ಗಡಿ ಯಾವುದು ಅಂದೆ. ನಿನ್ನ ತವರು ಅಂದ್ರು. ಹೂಂ ಅಂದೆ ಯವ್ವಾ. ಬ್ಯಾರೆಯೋರ ಗಡಿಗೆ ಇಳಿಸಿದ್ರ ಶಾಪ ಹಾಕ್ತಾರ. ತವರಿನೋರಾದ್ರ ಬೈಯಂಗಿಲ್ಲ ಅಂದ್ಕೊಂಡೆ."

"ನಿಮ್ಮ ಗಡಿಗೆ ತಂದಿಟ್ಟೋರು ಯಾರು?"

"ನಮ್ಮಾಚೀ ಊರಿನೋರು. ಅವರಿಗೆ ಅವರಾಚೀ ಊರಿನೋರು. ಅವರಿಗೆ ಅದರಾಚೀ ಊರಿಂದ, ನಿಮ್ಮ ಪಡುವಣದಾಗೈತಲ್ಲ, ಅಲ್ಲಿಂದ."

ಬಾಳವ್ವ ತಲಿ ಎತ್ತಿ ಗುಡ್ಡ ನೋಡಿದ್ಲು. ಹುಟ್ಟಿದಾಗಿಂದ ನೋಡಿದ ಗುಡ್ಡ. ಅವತ್ತ ಅದರ ಬೆನ್ನು ಆಕಿಗೆ ಕಾಣಿಸಿತು.

ಅಷ್ಟ್ರಾಗ ಹಲಗಿ ಕೇಳಿದ ಊರ ಮಂದಿ ಓಡಿ ಬಂದ್ರು. ಬುಟ್ಟಿ ನೋಡಿದ್ರು, ಬಾಯಿ ಬಡಕೊಂಡ್ರು. ಊರ ಪೂಜಾರಿ, ಬಾಳವ್ವನ ಕೂಡ ಹೋಗಿದ್ದ ಹಲಗಿಯಾವನ ರಟ್ಟಿ ಹಿಡಿದು, ದಾಟಿಸುಮುಂದ ಈಕಿ ಏನಂದ್ಲು ಅಂತ ಕೇಳಿದ, ಅವ ಖರೇ ಹೇಳಿಬಿಟ್ಟ.

"ಹೋಗಿ ಬಾ ಅಂದ್ಯಾ? ಮಾರಿಗೆ ಹೋಗಿ ಬಾ ಅಂದ್ಯಾ ಬಾಳವ್ವಾ? ಬಂದ್ಲು ನೋಡು, ಕರದಾಕಿ ಮನಿಗೆ!"

ಗೌಡ ಹೊಗಿ ಸೇದೋ ಚಿಲಿಮಿ ಹಿಡಕೊಂಡು ದೂರ ನಿಂತಿದ್ದ. ಅವನ ಮನ್ಯಾಗೂ ಹರೇದ ಇಬ್ಬರು ಗಂಡಮಕ್ಕಳು ಹೋಗಿದ್ರು. "ಆದದ್ದಾತು. ಹೊತ್ತು ಮುಳಗೋದ್ರಾಗ ಮತ್ತ ಪಡುವಣಕ್ಕ ದಾಟಿಸು. ಈ ಸಲ ಬಾಯಿ ಮುಚಗೊಂಡು ದಾಟಿಸು" ಅಂದ.

ಬಾಳವ್ವ ಎದ್ದು ನಿಂತ್ಲು.

"ನನ್ನ ನಾಲಗಿ ತಪ್ಪಿತು, ಖರೆ. ಆದ್ರ ನಾಲಗಿ ಮಾತಿಗೆ ಬಂದಿಲ್ಲ ಇದು. ಇದಕ್ಕ ಕಾಲಿಲ್ಲ ಗೌಡ್ರ, ಕಾಲು ನಮ್ಮವು. ನಾ ಹೊತ್ತೆ, ಅವರು ಹೊತ್ರು, ಇವರು ಹೊತ್ರು, ಕಡೀಕ ನನ್ನ ಮಗಳು ಹೊತ್ತು ತಂದ್ಲು. ಬಾಯಿ ಮುಚಗೊಂಡು ಹೊತ್ರೂ ಗುಡ್ಡ ಗುಂಡಗ ಐತಿ, ತಿರುಗಿ ಇಲ್ಲೇ ಬರ್ತೈತಿ. ಇನ್ನ ನಾ ಹೊರಂಗಿಲ್ಲ. ಯಾರ್ನೂ ಹೊರಾಕ ಬಿಡಂಗಿಲ್ಲ."

"ಮತ್ತೇನು ಮಾಡ್ತಿ?"

"ಸುಡ್ತೀನಿ. ಚಿಲಿಮಿ ಕೊಡ್ರಿ."

ಮಂದಿ ಹೋ ಅಂತು. ಮಾರಿ ಬುಟ್ಟಿ ಸುಟ್ರ ವಂಶ ಉಳದೀತಾ ಅಂತು. ಬಾಳವ್ವ ಅಂದ್ಲು, "ಯಾರ ವಂಶ ಉಳದೈತಿ, ಕೈ ಎತ್ರಿ ನೋಡೋಣು."

ಒಂದು ಕೈ ಏಳಲಿಲ್ಲ. ಗೌಡ ಬಗ್ಗಿ ಚಿಲಿಮಿ ನೆಲದ ಮ್ಯಾಲ ಇಟ್ಟು ಹಿಂದಕ್ಕ ಸರದ.

ಬುಟ್ಟಿ ಸುಟ್ಲು. ಕೌದಿ ಸುಡುಮುಂದ ಮೂಲ್ಯಾಗಿನ ಕೆಂಪು ತುಂಡು ಒಮ್ಮೆ ಸವರಿದ್ಲು, ಸುಟ್ಲು. ಕುಂಚಿಗಿ ಸುಡುಮುಂದ ಹೂವಕ್ಕ ಚೀರಿದ್ಲು, ಆದ್ರೂ ಸುಟ್ಲು. ಸುಟ್ಟು ಊರಿನೋರಿಗೆ ಅಂದ್ಲು: "ಮಗಳ ಮೈ ಕಾದೈತಿ. ಆಕೀನ ಒಳಗ ತರಂಗಿಲ್ಲ, ನಾನೂ ಬರಂಗಿಲ್ಲ. ನೀವೂ ಈ ಕಡೀಕ ಬರಬ್ಯಾಡ್ರಿ. ಗಡಿಗೊಬ್ಬರು ಹೋಗಿ ದೂರಿಂದ ಕೂಗಿ ಹೇಳ್ರಿ: ಬ್ಯಾನಿ ಬಿದ್ದೋರ ಅರಿವಿ ಸುಡ್ರಿ, ಮನ್ಯಾಗ ಇರ್ರಿ, ಯಾರ ಗಡಿಗೂ ಏನೂ ಇಳಿಸಬ್ಯಾಡ್ರಿ ಅಂತ."

ಗಡ್ಯಾಗ ಒಂದು ತಟ್ಟಿ ಗುಡಿಸಲ ಹಾಕಿಕೊಂಡ್ರು ತಾಯಿ ಮಗಳು. ಊರಿನೋರು ಗಂಜಿ ತಂದು ದೂರದ ಕಲ್ಲಿನ ಮ್ಯಾಲ ಇಟ್ಟು ಕೂಗಿ ಹೋಗೋರು. ಹೂವಕ್ಕನ ಮೈಮ್ಯಾಲ ಗುಳ್ಳಿ ಎದ್ದವು. ಮಲಗಾಕ ಬಾರದು, ಕುಂದ್ರಾಕ ಬಾರದು. ಬಾಳವ್ವ ಬಾಳಿ ಎಲಿ ಹಾಸಿ ಮಲಗಿಸಿದ್ಲು, ಬೇವಿನ ಎಸಳಿಲೆ ಗಾಳಿ ಹಾಕಿದ್ಲು.

ಒಂದು ಮುಂಜಾನಿ ಜ್ವರ ಇಳಿದಂಗಾಗಿ ಹೂವಕ್ಕ ಕಣ್ಣು ತೆರದ್ಲು.

"ಯವ್ವಾ, ಹತ್ತರ ಇದ್ದದ್ದು ನಮ್ಮ ಊರಿನ ಗಡಿ. ಪಡುವಣಕ್ಕ ಯಾಕ ಹೊತ್ತಿ?"

ಸುಳ್ಳು ಹೇಳಬಹುದಿತ್ತು. ಸಾಯಾಕಿ ಮುಂದ ಒಂದು ಸುಳ್ಳು ಹೇಳಿದ್ರ ಯಾರು ಬ್ಯಾಡ ಅಂತಿದ್ರು? ಹೇಳಲಿಲ್ಲ ಬಾಳವ್ವ.

"ಮೂಡಣದಾಗ ನೀ ಇದ್ದೆಲ್ಲೇ ಹೂವಿ."

ಹೂವಕ್ಕ ಗುಡಿಸಲ ಸಂದ್ಯಾಗಿನ ಬೆಳಕಿನ ಕಡೆ ಮುಖ ಹೊಳ್ಳಿಸಿದ್ಲು.

"ಪಡುವಣದಾಗೂ ಯಾರದರೆ ಮಗಳು ಇರ್ತಾಳಲ್ಲ ಯವ್ವಾ" ಅಂದ್ಲು.

ಅಷ್ಟ. ಬೈಲಿಲ್ಲ, ಕೈ ಕೊಡವಲಿಲ್ಲ. ನೀರು ಕೇಳಿದ್ಲು, ಕುಡದ್ಲು. ಸಂಜಿಗೆ ಜೀವ ಹೋತು.

ಮಣ್ಣು ಕೊಡಾಕ ಯಾರೂ ಬರಲಿಲ್ಲ. ಬರಬ್ಯಾಡ್ರಿ ಅಂದಾಕಿ ತಾನ. ಮರುದಿನ ತಾಯಿ ಒಬ್ಬಾಕಿನ ಕುಣಿ ತೋಡಿದ್ಲು. ಗಡಿ ಈ ಕಡೆ ಒಂದೂರು, ಆ ಕಡೆ ಒಂದೂರು, ಎರಡೂ ಕಡೆ ಮಂದಿ ದೂರ ನಿಂತು ನೋಡಿದ್ರು. ತವರಿನೋರೂ ಅತ್ರು, ಗಂಡನ ಮನಿಯೋರೂ ಅತ್ರು. ಮಗಳ ಮುಖಕ್ಕ ಮಣ್ಣು ಹಾಕುಮುಂದ ಬಾಳವ್ವಗ ಕೈ ಬರಲೊಲ್ದಾತು. ಅಳುವಾಗ ಹೆಗಲ ಮ್ಯಾಲ ಕೈ ಇಡಾಕ ಒಬ್ಬರಿಲ್ಲ, ಎಂಥಾ ದುಃಖ ಅದು, ಹೇಳಿದ್ರ ಮುಗಿಯೂದಿಲ್ಲ.

ಹೊರೋರು ಇಲ್ಲದಾದ ಮ್ಯಾಲ ಬ್ಯಾನಿ ಎಲ್ಲಿ ಹೊಕ್ಕೈತಿ? ಇದ್ದಲ್ಲೇ ಉಣ್ಣೋದು ಉಂಡು, ಇದ್ದಲ್ಲೇ ಆರಿತು. ಐದೂರಾಗ ಮತ್ತ ಒಲಿ ಹೊಗಿ ಎದ್ದಿತು. ಎಷ್ಟೋ ಮನಿ ಒಲಿ ಏಳಲೂ ಇಲ್ಲ.

ಆಗ ಏನಾತು ಕೇಳ್ರಿ. ಐದೂ ಊರಿನೋರು ಹಲಗಿ ಬಡಕೋಂತ ಗಡಿಗೆ ಬಂದ್ರು. ಅರಿಶಿಣ ತಂದ್ರು, ಹಸರ ಸೀರಿ ತಂದ್ರು, ಕಾಯಿ ತಂದ್ರು. ಗೌಡ ಕೈ ಮುಗದು ಅಂದ, "ನೀ ಬರೇ ಹೆಣ್ಮಗಳಲ್ಲ ಯವ್ವಾ, ಮಾರೀನ ತಡದ ತಾಯಿ. ಇಲ್ಲೇ ನಿನಗ ಗುಡಿ ಕಟ್ಟಸ್ತೀವಿ, ವರ್ಸಾ ಪೂಜಿ ಮಾಡ್ತೀವಿ."

ಬಾಳವ್ವ ಗುಡಿಸಲದಿಂದ ಹೊರಗ ಬಂದ್ಲು. ಸೀರಿ ನೋಡಿದ್ಲು, ಕಾಯಿ ನೋಡಿದ್ಲು, ಅವರ ಮುಖ ನೋಡಿದ್ಲು.

"ಬ್ಯಾಡ್ರಿ ಯಪ್ಪಾ. ನನ್ನ ದೇವಿ ಮಾಡಬ್ಯಾಡ್ರಿ. ಮಾಡಿದ್ರಂದ್ರ, ನಾಳೆ ಮತ್ತೊಂದು ಬ್ಯಾನಿ ಬಂದಾಗ ನನ್ನೂ ಬುಟ್ಟ್ಯಾಗ ಇಟ್ಟು ಪಕ್ಕದೂರಿನ ಗಡಿಗೆ ಇಳಿಸಿ ಬರ್ತೀರಿ."

ಹಲಗಿ ನಿಂತಿತು. ಬಂದೋರು ಬಂದ ದಾರಿ ಹಿಡದು ತಮ್ಮ ತಮ್ಮ ಊರಿಗೆ ಹ್ವಾದ್ರು.

ಅವರು ಅಲ್ಲಿ ಉಳದ್ರು, ನಾವು ಇಲ್ಲಿ ಉಳದೀವಿ. ಉಳೀಲಾರದೋರ ಪಾಲಿನ ಅಳು ನಾವು ಅತ್ತೀವಿ. ಇನ್ನ ಏಳ್ರಿ, ಕೈಕಾಲು ತೊಳಕೊಂಡು ಉಣ್ಣಾಕ ನಡೀರಿ.