ಹೀಬ್ರೂ ಪಾಠಕ್ಕೆ ಆಮೆನ್

ಪ್ರಿಯರೇ, ಗದಗಿನ ಕಡೆ ಒಬ್ಬ ಬಟ್ಟೆ ವ್ಯಾಪಾರಿ ಇದ್ದ, ಅನುಕೂಲಸ್ಥ. ಹೆಸರು ಬೇಡ, ನಿಮ್ಮ ಪಕ್ಕದಲ್ಲೇ ಕೂತಿದ್ದರೂ ಕೂತಿರಬಹುದು. ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಪದ್ಧತಿ. ಸಂಜೆ ಪ್ರಾರ್ಥನೆಯಲ್ಲಿ ಯಜಮಾನ ಮನೆಯವರೆಲ್ಲರ ಹೆಸರು ಹಿಡಿದು ದೇವರ ಮುಂದೆ ಹೇಳಬೇಕು. ಹಿತ್ತಲಿನ ಎಮ್ಮೆಗೆ ಕಾಯಿಲೆಯಾದರೆ ಅದರ ಹೆಸರೂ ಬರುತ್ತಿತ್ತು.

ಈ ಮನುಷ್ಯನಿಗೆ ಒಂದು ಆಸೆ ಹುಟ್ಟಿತು. ದೇವರ ವಾಕ್ಯವನ್ನು, ಬೈಬಲನ್ನು, ಮೂಲ ಭಾಷೆಯಲ್ಲೇ ಓದಬೇಕು, ಅದಕ್ಕೆ ಹೀಬ್ರೂ ಕಲಿಯಬೇಕು. ಒಳ್ಳೆಯ ಆಸೆಯೇ, ನಾನು ಬೇಡ ಅನ್ನುವುದಿಲ್ಲ. ಆದರೆ ನೋಡಿ, ಕ್ರಿಯಾಪದದ ಹತ್ತಿರ ಬಂದು ಸಿಕ್ಕಿಬಿದ್ದ. ಭೂತಕಾಲಕ್ಕೆ ಬಾಲ ಅಂಟಿಸಬೇಕು, ಭವಿಷ್ಯತ್ತಿಗೆ ತಲೆಯನ್ನೇ ಬದಲಿಸಬೇಕು. ಗಂಡಿಗೆ ಒಂದು ರೂಪ, ಹೆಣ್ಣಿಗೆ ಇನ್ನೊಂದು. ಹೆಂಡತಿ ಪ್ರಾರ್ಥನೆಗೆ ಕರೆದರೆ, “ತಡಿ, ಕಾಲಗಳು ಮುಗೀಲಿ. ಆಮ್ಯಾಲೆ ದೇವರ ಭಾಷಾದಾಗ ಪ್ರಾರ್ಥನಾ ಮಾಡ್ತೀನಿ” ಅನ್ನುತ್ತಿದ್ದ. ಸಂಜೆಯಾದರೆ ಕೋಣೆ ಸೇರಿ, “ಕಾತವ್ತಿ, ಕಾತವ್ತಾ.” ನಾನು ಬರೆದೆ, ನೀನು ಬರೆದೆ. ಅದೇ ಜಪ.

ಒಂದು ಸಂಜೆ ಪಾಠವೆಲ್ಲ ತಪ್ಪಿಲ್ಲದೆ ಬಾಯಿಗೆ ಬಂತು. ಖುಷಿಯಿಂದ ಬಾಗಿಲು ತೆರೆದರೆ, ಹೊಸ್ತಿಲ ಹೊರಗೆ ಮುದಿ ತಾಯಿ ತಲೆಗೆ ಸೆರಗು ಹೊದ್ದು ಕೈ ಮುಗಿದು ಕೂತಿದ್ದಳು. “ಆಮೆನ್” ಅಂದಳು. ಮಗನಿಗೆ ನಗು ಬಂತು.

“ಇವತ್ತ ನನ್ನ ಹೆಸರ ತಗೊಂಡಿ ಏನಪಾ?” ಎಂದು ತಾಯಿ ಕೇಳಿದಳು. “ದಿನಾ ಕೇಳ್ತೀನಿ, ಯಾರ ಹೆಸರೂ ತಿಳಿಯಂಗಿಲ್ಲ. ನಾಳೆ ಕಣ್ಣಿನ ಆಪರೇಶನ್, ಭಾಳ ಅಂಜಿಕಿ ಆಗೇತಿ.”

ಆಗ ಮಗನಿಗೆ ಅರ್ಥವಾಯಿತು. ಅಷ್ಟು ದಿನ ಅವಳು ಪ್ರಾರ್ಥನೆಯೆಂದು ನಂಬಿ ಪಾಠಕ್ಕೆ ಆಮೆನ್ ಹೇಳಿದ್ದಳು. ಅಲ್ಲೇ ಅವಳ ಪಕ್ಕ ಕೂತ. ಅವಳ ಹೆಸರು ಹಿಡಿದ. ಡಾಕ್ಟರ ಕೈ ನಡುಗದಿರಲಿ ಎಂದ, ಅವ್ವನ ಅಂಜಿಕೆ ಬಿಡಿಸು ತಂದೆಯೇ ಎಂದ. ಎಲ್ಲಾ ಕನ್ನಡದಲ್ಲೇ, ಅದೂ ಗದಗಿನ ಕನ್ನಡದಲ್ಲೇ. ಅವಳು ಹೊಟ್ಟೆತುಂಬ ಉಂಡು ಮಲಗಿದಳು. ಆಪರೇಶನ್ ಚೆನ್ನಾಗಿಯೇ ಆಯಿತು.

ಹೀಬ್ರೂ ಬಿಟ್ಟನೇ? ಯಾಕೆ ಬಿಡಬೇಕು? ಈಗಲೂ ಕಲಿಯುತ್ತಾನೆ, ಪ್ರಾರ್ಥನೆ ಮುಗಿದ ಮೇಲೆ. ತಾಯಿ ಪಕ್ಕದಲ್ಲೇ ಕೂತು, “ಛಲೋ ಹೇಳ್ತಿ” ಅನ್ನುತ್ತಾಳೆ.

ಈಗ ನಮ್ಮ ಮಾತಿಗೆ ಬರೋಣ. ನಿಮಗೆ ಹೀಬ್ರೂ ಇಲ್ಲ, ಸರಿ. ಆದರೆ ಮಗಳ ಮದುವೆ ಮುಗಿಯಲಿ, ಮನೆ ಕಟ್ಟಿ ಮುಗಿಯಲಿ, ಆಮೇಲೆ ನೆಮ್ಮದಿಯಾಗಿ ಪ್ರಾರ್ಥಿಸೋಣ ಅನ್ನುವುದಿಲ್ಲವೇ? ನಿಮ್ಮ ಬಾಗಿಲ ಹೊರಗೆ ಯಾರು ಕೂತಿದ್ದಾರೆ, ನೋಡಿದ್ದೀರಾ? ಇವತ್ತು ಸಂಜೆ ಟಿವಿ ಹಾಕುವ ಮೊದಲು ಮನೆಯವರನ್ನು ಕೂಡಿಸಿ. ಮಾತು ತೊದಲಿದರೂ ಪರವಾಗಿಲ್ಲ. ಒಬ್ಬೊಬ್ಬರ ಹೆಸರೂ ಅವರ ಕಿವಿಗೆ ಬೀಳುವಂತೆ ಹೇಳಿ. ಯಾರಿಗೆ ಅಂಜಿಕೆಯಿದೆಯೋ, ಅವರ ಹೆಸರನ್ನು ಮೊದಲು ಹೇಳಿ.